ಆರು ಸಾವಿರದ ಜಾಕೆಟ್ ಯಾಕೆ ನೆನೆಯಿತು?

ಕಳೆದ ಜುಲೈನಲ್ಲಿ ಇಂಟರ್ನಲ್ಸ್ ಮುಗಿದ ಸಂಜೆಯೇ ನಾವು ನಾಲ್ವರು ಸಿದ್ದಾಪುರದ ಬಸ್ ಹತ್ತಿದೆವು. ನಮ್ಮಲ್ಲೊಬ್ಬನ ಮನೆ ಹೆಗ್ಗರಣೆ ಕಡೆ. ಅಲ್ಲಿಂದ ಉಂಚಳ್ಳಿ ಜಲಪಾತ ಹತ್ತಿರ. ಅಘನಾಶಿನಿ ನದಿ 116 ಮೀಟರ್ ಕೆಳಗೆ ಬೀಳುವ ಜಾಗ ಅದು, ಸದ್ದಿಗೆ ಕಿವಿ ಕೆಪ್ಪಾಗುತ್ತೆ ಅಂತ ಊರವರು ಕೆಪ್ಪ ಜೋಗ ಅಂತಲೂ ಕರೀತಾರೆ. ಮೂವರ ಹತ್ತಿರ ಇದ್ದದ್ದು ಬೈಕಿಗೆ ಹಾಕೋ ಸಾಧಾರಣ ಪ್ಲಾಸ್ಟಿಕ್ ರೈನ್‌ಕೋಟು. ನಾಲ್ಕನೆಯವನು ಮಾತ್ರ ಸೀನಿಯರ್ ಒಬ್ಬರಿಂದ ಆರು ಸಾವಿರ ಕೊಟ್ಟು ತಗೊಂಡ 'ಟೆಕ್ನಿಕಲ್' ಜಾಕೆಟ್ಟಿನಲ್ಲಿ ಬಂದಿದ್ದ. ಹೊಸದಾಗಿ ಇದರ ಬೆಲೆ ಇದರ ಎರಡು ಪಟ್ಟು, ಒಳಗೆ ಮೆಂಬ್ರೇನ್ ಇದೆ, ಬೆವರು ಹೊರಗೆ ಹೋಗುತ್ತೆ ಮಳೆ ಒಳಗೆ ಬರಲ್ಲ ಅಂತ ಬಸ್ಸಿನಲ್ಲಿ ಅರ್ಧ ದಾರಿ ಪಾಠ ಮಾಡಿದ್ದ. ಹೊರಡುವ ಮುಂಚೆ ನೀಟಾಗಿರಲಿ ಅಂತ ಅದನ್ನ ಡಿಟರ್ಜೆಂಟ್ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿ, ಕೊನೆಗೆ ಘಮಘಮ ಅನ್ನೋ ಫ್ಯಾಬ್ರಿಕ್ ಕಂಡೀಷನರ್ ಹಾಕಿ ತೊಳೆದೂ ಇದ್ದ.

ಜಲಪಾತದ ಮೆಟ್ಟಿಲು ಇಳಿಯೋ ಹೊತ್ತಿಗೆ, ಅಂದರೆ ಮಳೆಗೆ ಸಿಕ್ಕ ಅರ್ಧ ಗಂಟೆಯಲ್ಲಿ, ಜಾಕೆಟ್ಟಿನ ಭುಜ ಮತ್ತು ತೋಳು ಗೋಣಿಚೀಲದ ಹಾಗೆ ನೀರು ಕುಡಿದು ಕಪ್ಪಾಗಿದ್ದವು. ವಾಪಸ್ ಬೈಕಿನಲ್ಲಿ ಬರುವಾಗ ಅವನಿಗೆ ನಡುಕ ಶುರುವಾಯಿತು. ಹಲ್ಲು ಕಟಕಟ ಅನ್ನುತ್ತಿತ್ತು, ಮಾತು ತೊದಲುತ್ತಿತ್ತು. ನಗುತ್ತಾ ಇದ್ದ ನಾವು ಆಮೇಲೆ ನಗು ನಿಲ್ಲಿಸಿದೆವು. 24 ಡಿಗ್ರಿ ಇದ್ದರೂ ಮೈಗೆ ಒದ್ದೆ ಬಟ್ಟೆ ಅಂಟಿಕೊಂಡು ಗಾಳಿ ಹೊಡೆದರೆ ಮೈ ಕಾವು ಎಷ್ಟು ಬೇಗ ಇಳಿಯುತ್ತೆ ಅನ್ನೋದು ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲಿ ಓದಿದ್ದೆವು, ಕಣ್ಣಾರೆ ನೋಡಿದ್ದು ಅವತ್ತೇ.

ಮನೆ ಸೇರಿ ಬಚ್ಚಲ ಒಲೆ ಮುಂದೆ ಕೂರಿಸಿದಾಗ ಗೆಳೆಯನ ಅಜ್ಜ ತೋಟದಿಂದ ಬಂದರು. ತಲೆ ಮೇಲೆ ಕಂಬಳಿ ಕೊಪ್ಪೆ. ಬೆಳಿಗ್ಗೆಯಿಂದ ಅದೇ ಮಳೆಯಲ್ಲಿದ್ದವರು. ಕೊಪ್ಪೆ ಒಮ್ಮೆ ಕೊಡವಿ ಗೂಟಕ್ಕೆ ಹಾಕಿದರು, ಒಳಗಿನ ಅಂಗಿ ಒಣಗೇ ಇತ್ತು. ಕಥೆ ಕೇಳಿ ಜಾಕೆಟ್ಟನ್ನು ಮೂಸಿ ನೋಡಿ ಹೇಳಿದ್ದು ಒಂದೇ ಮಾತು: "ಯನ್ನ ಕಂಬಳಿಗೆ ಒಂದಿನಾನೂ ಸೋಪು ಹಾಕಿದ್ನಿಲ್ಲೆ ತಮಾ."

ಹಾಸ್ಟೆಲ್ಲಿಗೆ ಬಂದ ಮೇಲೆ ಇದರ ಬೆನ್ನು ಹತ್ತಿದೆವು. ತಮಾಷೆ ಅಂದರೆ, ಇಂಥ ಬಟ್ಟೆ ತೊಳೆಯೋ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡಿರೋರು ವಿದೇಶದ ಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕಥೆಯಲ್ಲಷ್ಟೇ ಉಳಿದಿದೆ, ಉಳಿಯಬೇಕಾದ್ದೂ ಅಲ್ಲೇ. ಆದರೆ ಕಾಡಿನಲ್ಲಿ ದಿನವಿಡೀ ಸದ್ದಿಲ್ಲದೆ ಕೂರೋ ಕೆಲಸ ಬೇಟೆಗಾರನಿಗೂ ಹಕ್ಕಿ ನೋಡೋನಿಗೂ ಒಂದೇ. ಅವರ ಒಂದು ಎಚ್ಚರಿಕೆ ನಮ್ಮ ಬರ್ಡ್‌ವಾಚಿಂಗ್ ಗೆಳೆಯರಿಗೂ ಉಪಯೋಗ. 'ಬಿಳುಪಿಗಿಂತ ಬಿಳುಪು' ಅನ್ನೋ ಪುಡಿಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತೆ, ಅದು ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುತ್ತೆ. ಜಿಂಕೆ ಜಾತಿಯ ಪ್ರಾಣಿಗಳಿಗೆ ಕೆಂಪು ಸರಿಯಾಗಿ ಕಾಣದಿದ್ದರೂ ನೀಲಿ ಚೆನ್ನಾಗಿ ಕಾಣುತ್ತೆ. ಅಂದಮೇಲೆ ಹಸಿರು ಜಾಕೆಟ್ ಹಾಕಿ ಅಡಗಿ ಕೂತೆ ಅಂತ ನೀವಂದುಕೊಂಡರೆ, ಅದು ನಿಮ್ಮ ಭ್ರಮೆ.

ಈಗ ಜಾಕೆಟ್ಟಿನ ಒಳಗೆ ಹೋಗೋಣ. ಇದರಲ್ಲಿ ಸಾಮಾನ್ಯವಾಗಿ ಮೂರು ಪದರ. ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ನಡುವೆ ತೆಳು ಮೆಂಬ್ರೇನ್, ಒಳಗೆ ಅಸ್ತರಿ. ನೀರು ತಡೆಯೋ ಅಸಲಿ ಕೆಲಸ ಮೆಂಬ್ರೇನಿನದು. 1969ರಲ್ಲಿ ಬಾಬ್ ಗೋರ್ ಅನ್ನೋರು ಬಿಸಿ ಮಾಡಿದ ಪಿಟಿಎಫ್‌ಇ ಕಡ್ಡಿಯನ್ನು, ಅಂದರೆ ನಮ್ಮ ದೋಸೆ ತವಾದ ಟೆಫ್ಲಾನನ್ನು, ನಿಧಾನಕ್ಕೆ ಎಳೆದೆಳೆದು ಸೋತು, ಕೊನೆಗೆ ಸಿಟ್ಟಿನಲ್ಲಿ ಒಮ್ಮೆಲೇ ಜಗ್ಗಿದರಂತೆ. ಅದು ತುಂಡಾಗದೆ ಸೂಕ್ಷ್ಮ ರಂಧ್ರಗಳ ಹಾಳೆಯಾಗೋ ಗುಣ ತೋರಿಸಿತು. ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ಆ ರಂಧ್ರದಲ್ಲಿ ನೀರಿನ ಹನಿ ನುಗ್ಗಲ್ಲ, ಆವಿ ನುಗ್ಗುತ್ತೆ. ಕಮ್ಮಿ ಬೆಲೆಯ ಜಾಕೆಟ್‌ಗಳಲ್ಲಿ ಪಿಟಿಎಫ್‌ಇ ಬದಲು ಪಾಲಿಯುರೆಥೇನ್ ಲೇಪ ಇರುತ್ತೆ. ಟ್ಯಾಗಿನಲ್ಲಿ 10,000 ಮಿ.ಮೀ. ಅಂತ ಬರೆದಿದ್ದರೆ ಅಷ್ಟು ಎತ್ತರದ ನೀರಿನ ಕಂಬ ಬಟ್ಟೆ ಮೇಲೆ ನಿಂತರೂ ಸೋರಲ್ಲ ಅಂತ ಅರ್ಥ. ಹತ್ತು ಮೀಟರ್ ನೀರು ಅಂದರೆ ಹೆಚ್ಚುಕಮ್ಮಿ ಒಂದು ವಾತಾವರಣದ ಒತ್ತಡ! ಮಲೆನಾಡಿನ ಯಾವ ಮಳೆಯೂ ಅಷ್ಟು ಒತ್ತಲ್ಲ.

ಹಾಗಾದರೆ ನಮ್ಮ ಹುಡುಗ ನೆಂದದ್ದು ಹೇಗೆ? ಮೆಂಬ್ರೇನ್ ತೂತಾಗಿರಲಿಲ್ಲ. ಸೋತದ್ದು ಹೊರಪದರ. ಅದರ ಎಳೆಗಳ ಮೇಲೆ ಡಿಡಬ್ಲ್ಯುಆರ್ ಅನ್ನೋ ನೀರು ಹಿಮ್ಮೆಟ್ಟಿಸುವ ಲೇಪ ಇರುತ್ತೆ. ಇದನ್ನ ನೋಡೋಕೆ ಲ್ಯಾಬ್ ಬೇಡ, ಮಳೆಗಾಲದಲ್ಲಿ ಸಿದ್ದಾಪುರದ ಯಾವ ಹಿತ್ತಿಲಿಗೆ ಹೋದರೂ ಕೆಸುವಿನ ಎಲೆ ಇದೆ. ಎಲೆ ಮೇಲೆ ನೀರು ಹಾಕಿ, ಪಾದರಸದ ಹಾಗೆ ಗುಂಡಗೆ ಉರುಳುತ್ತೆ. ಈಗ ಅದೇ ಎಲೆಯನ್ನ ಸೋಪು ಹಚ್ಚಿದ ಬೆರಳಿನಿಂದ ಉಜ್ಜಿ ಮತ್ತೆ ನೀರು ಹಾಕಿ. ಚಪ್ಪಟೆಯಾಗಿ ಹರಡಿಕೊಳ್ಳುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕಾಂಟ್ಯಾಕ್ಟ್ ಆಂಗಲ್ ಅಂತ ಎರಡು ಮಾರ್ಕಿಗೆ ಬರೆದದ್ದು ಇದೇ. ಶುದ್ಧ ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಡಿಟರ್ಜೆಂಟ್ ಸೇರಿದರೆ ಅದು 30ರ ಆಸುಪಾಸಿಗೆ ಇಳಿಯುತ್ತೆ. ಡಿಟರ್ಜೆಂಟಿನ ಕೆಲಸವೇ ನೀರನ್ನ ಬಟ್ಟೆಯ ಒಳಕ್ಕೆ ನುಗ್ಗಿಸೋದು. ಸರಿಯಾಗಿ ಜಾಲಿಸದೆ ಅದನ್ನ ಎಳೆಗಳಲ್ಲೇ ಬಿಟ್ಟರೆ ಮಳೆ ಬಂದಾಗಲೂ ಅದೇ ಕೆಲಸ ಮಾಡುತ್ತೆ. ಕಂಡೀಷನರ್ ಇನ್ನೂ ಕೆಟ್ಟದ್ದು, ಅದು ಎಳೆಗೆ ಅಂಟಿಕೊಳ್ಳಲಿ ಅಂತಲೇ ಮಾಡಿದ ಪದಾರ್ಥ.

ಹೊರಬಟ್ಟೆ ನೀರು ಕುಡಿದರೆ ಎರಡು ಅನಾಹುತ. ಒಂದು, ಮೈಗೆ ತಣ್ಣನೆ ಒದ್ದೆ ಗೋಡೆ ಸುತ್ತಿಕೊಂಡ ಹಾಗಾಗುತ್ತೆ. ಎರಡು, ನೀರಿನ ಆ ಪದರ ಬೆವರಿನ ಆವಿಗೆ ಅಡ್ಡ ನಿಲ್ಲುತ್ತೆ. ಆವಿ ಒಳಗೇ ತಣಿದು ನೀರಾಗುತ್ತೆ. ಅವತ್ತು ಅವನು ಅರ್ಧ ನೆಂದದ್ದು ತನ್ನ ಬೆವರಿನಲ್ಲೇ, ಮಳೆ ಒಳಗೆ ಬಂತು ಅಂದುಕೊಂಡದ್ದು ತಪ್ಪು.

ಇಲ್ಲಿ ಇನ್ನೊಂದು ಲೆಕ್ಕ ಹೇಳಲೇಬೇಕು, ಅಂಗಡಿಯವರು ಹೇಳಲ್ಲ. ಆವಿ ಹೊರಗೆ ಹೋಗಬೇಕಾದರೆ ಒಳಗೂ ಹೊರಗೂ ಆವಿಯ ಒತ್ತಡದಲ್ಲಿ ವ್ಯತ್ಯಾಸ ಬೇಕು. ಮೈ ಹತ್ತಿರ 34 ಡಿಗ್ರಿ, ಪೂರ್ತಿ ಬೆವರು ಅಂದುಕೊಳ್ಳಿ, 5.3 ಕಿಲೋಪಾಸ್ಕಲ್. ಜುಲೈನ ಸಿದ್ದಾಪುರದಲ್ಲಿ 24 ಡಿಗ್ರಿ, ಗಾಳಿ ತುಂಬಾ ತೇವ, ಸುಮಾರು 3. ವ್ಯತ್ಯಾಸ 2.3. ಅದೇ ಹಿಮ ಬೀಳೋ ಸೊನ್ನೆ ಡಿಗ್ರಿಯಲ್ಲಿ ಹೊರಗಿನ ಒತ್ತಡ ಬರೀ 0.6, ವ್ಯತ್ಯಾಸ 4.7. ಕಾಗದದ ಲೆಕ್ಕವೇ ಇರಲಿ, ಆಲ್ಪ್ಸ್ ಬೆಟ್ಟಕ್ಕೆ ಮಾಡಿದ ಜಾಕೆಟ್ ನಮ್ಮ ಘಟ್ಟದಲ್ಲಿ ಅರ್ಧದಷ್ಟೇ ಉಸಿರಾಡುತ್ತೆ. ಆ ಅರ್ಧವನ್ನೂ ಸೋಪಿನಿಂದ ಕಳಕೊಂಡರೆ ಉಳಿಯೋದು ಆರು ಸಾವಿರದ ಪ್ಲಾಸ್ಟಿಕ್ ಕವರ್. ಬರೀ ಬೈಕಿನಲ್ಲಿ ಕಾಲೇಜಿಗೆ ಬಂದು ಹೋಗೋರಿಗೆ ನಾಲ್ಕುನೂರು ರೂಪಾಯಿ ರೈನ್‌ಕೋಟೇ ಸರಿ ಅಂತ ನಮ್ಮ ಅಭಿಪ್ರಾಯ. ಒರೆಸಿ ನೇತು ಹಾಕಿದರೆ ಮುಗೀತು.

ಅಜ್ಜನ ಕಂಬಳಿಯ ಗುಟ್ಟೂ ಇದೇ ಭೌತಶಾಸ್ತ್ರ. ಕುರಿ ಕೂದಲಿನ ಹೊರಮೈಗೆ ಕೊಬ್ಬಿನ ತೆಳು ಪದರ, ಮೇಲೆ ಲ್ಯಾನೊಲಿನ್ ಅನ್ನೋ ಜಿಡ್ಡು. ಹನಿ ಜಾರುತ್ತೆ. ಎಳೆಯ ಒಳಭಾಗ ಮಾತ್ರ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸಲ್ಲ, ಹೀರುವಾಗ ತುಸು ಶಾಖವನ್ನೂ ಬಿಡುತ್ತೆ. ಸೋಪು ಹಾಕಿದರೆ ಜಿಡ್ಡು ಹೋಗುತ್ತೆ. ಆದರೆ ಇದರಿಂದ ನಾವು ಮೊದಲು ಕಲಿತ ಪಾಠ ತಪ್ಪಾಗಿತ್ತು. ಕಂಬಳಿ ತೊಳೆಯಬಾರದು, ಹಾಗಾದರೆ ಜಾಕೆಟ್ಟೂ ತೊಳೆಯಬಾರದು ಅಂತ ತೀರ್ಮಾನಿಸಿ ಎರಡು ತಿಂಗಳು ಮುಟ್ಟಲಿಲ್ಲ. ಜಾಕೆಟ್ಟಿನ ಲೇಪಕ್ಕೆ ಸೋಪು ಎಷ್ಟು ಶತ್ರುವೋ ಕೆಸರು, ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಅಷ್ಟೇ ಶತ್ರು. ಕೊಳೆ ನೀರನ್ನ ಎಳಕೊಳ್ಳುತ್ತೆ, ಎಣ್ಣೆ ಲೇಪವನ್ನ ಮುಚ್ಚುತ್ತೆ. ಹಾಗಾಗಿ ಇದನ್ನ ಕಮ್ಮಿ ತೊಳೆಯೋದಲ್ಲ, ಸರಿಯಾಗಿ ತೊಳೆಯೋದು.

ಹಾಸ್ಟೆಲ್ಲಿನಲ್ಲಿ ನಾವು ಮಾಡೋದು ಹೀಗೆ. ಮೊದಲು ಒಳಗಿನ ಚೀಟಿ ಓದ್ತೀವಿ, ಅದು ಹೇಳಿದ್ದೇ ಕೊನೆಯ ಮಾತು. ಜೇಬು ಖಾಲಿ ಮಾಡಿ ಚೈನು, ವೆಲ್ಕ್ರೋ ಎಲ್ಲ ಮುಚ್ಚಿ, ಮೊದಲು ಬಕೆಟ್ಟನ್ನೇ ತೊಳೀತೀವಿ. ನಮ್ಮ ಬಕೆಟ್ಟುಗಳ ಗೋಡೆಗೆ ನಾಲ್ಕು ಸೆಮಿಸ್ಟರಿನ ಸೋಪು ಅಂಟಿದೆ, ಸುಳ್ಳಾದರೆ ಬೆರಳಿಂದ ಗೀಚಿ ನೋಡಿ. ನೀರು ಕೈಗೆ ಹಿತವಾಗುವಷ್ಟು ಬೆಚ್ಚಗೆ, 40 ಡಿಗ್ರಿ ದಾಟೋದು ಬೇಡ. ಇಂಥ ಬಟ್ಟೆಗೆಂದೇ ಬರುವ ವಾಶ್ ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ಕಂಡೀಷನರ್, ಬ್ಲೀಚ್ ಇಲ್ಲದ ಲಿಕ್ವಿಡ್ ಡಿಟರ್ಜೆಂಟ್ ಎರಡು ಚಮಚ. ಪುಡಿ ಬೇಡ, ಕರಗದ ಕಣ ಎಳೆ ಮಧ್ಯೆ ಕೂರುತ್ತೆ. ಬಟ್ಟೆ ಸೋಪಿನ ಬಾರಂತೂ ಬೇಡವೇ ಬೇಡ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಗುಟು ಕಟ್ಟುತ್ತೆ, ಬಚ್ಚಲ ನೆಲದ ಮೇಲೆ ದಿನಾ ನೋಡ್ತೀರಲ್ಲ, ಅದೇ. ಕೊರಳಪಟ್ಟಿ, ಮುಂಗೈ ಭಾಗಕ್ಕೆ ಮೆತ್ತನೆ ಬ್ರಷ್ಷು. ಹಿಂಡಬೇಡಿ, ಕಲ್ಲಿಗೆ ಬಡೀಬೇಡಿ. ಪದರ ಬಿಟ್ಟುಕೊಳ್ಳುತ್ತೆ, ಹೊಲಿಗೆ ಮೇಲಿನ ಟೇಪು ಏಳುತ್ತೆ. ನೊರೆ ಪೂರ್ತಿ ಹೋದ ಮೇಲೆ ಮತ್ತೆರಡು ಸಲ ಜಾಲಿಸಿ. ನೀರಿನ ಖರ್ಚು ಅಂತ ವಾರ್ಡನ್ ಗೊಣಗಿದರೆ ಈ ಲೇಖನ ತೋರಿಸಿ!

ವಾಷಿಂಗ್ ಮೆಷಿನ್ ಇದ್ದವರಿಗೆ ಒಂದು ನಿಜವಾದ ಅಪಾಯದ ಮಾತು. ನೀರು ಹಾಯದ ಬಟ್ಟೆಯನ್ನ ಜೋರು ಸ್ಪಿನ್‌ಗೆ ಹಾಕಬೇಡಿ. ಜಾಕೆಟ್ ಚೀಲದ ಹಾಗೆ ನೀರು ಹಿಡಿದುಕೊಂಡು, ಡ್ರಮ್ ತಿರುಗುವಾಗ ಒಂದೇ ಕಡೆ ಭಾರ ಬಿದ್ದು ಮೆಷಿನ್ ಕುಣಿಯುತ್ತೆ. ಮೆಷಿನ್ ಕಂಪನಿಗಳ ಕೈಪಿಡಿಗಳಲ್ಲೇ ಈ ಎಚ್ಚರಿಕೆ ಇರುತ್ತೆ, ನಾವ್ಯಾರೂ ಓದಿರಲ್ಲ.

ಇನ್ನು ಬಿಸಿ. ತೊಳೆದು ಒಣಗಿಸಿದರೂ ಕೆಲವೊಮ್ಮೆ ಹನಿ ಗುಂಡಗೆ ನಿಲ್ಲಲ್ಲ. ಲೇಪದ ಅಣುಸರಪಳಿಗಳು ಎಳೆಯ ಮೇಲೆ ಬ್ರಷ್ಷಿನ ಕೂದಲಿನಂತೆ ನೆಟ್ಟಗೆ ನಿಂತಿದ್ದರಷ್ಟೇ ನೀರು ಜಾರೋದು. ಉಜ್ಜಾಟ, ಒದ್ದೆಯಲ್ಲಿ ಅವು ಮಲಗಿಬಿಡ್ತವೆ. ಶಾಖ ಕೊಟ್ಟರೆ ಏಳ್ತವೆ. ಡ್ರೈಯರ್ ಇದ್ದರೆ ಒಣಗಿದ ಮೇಲೂ ಹದ ಬಿಸಿಯಲ್ಲಿ ಇಪ್ಪತ್ತು ನಿಮಿಷ. ನಮ್ಮಲ್ಲಿ ಎಲ್ಲಿಯ ಡ್ರೈಯರ್? ಇಸ್ತ್ರಿಪೆಟ್ಟಿಗೆಯನ್ನ ಅತಿ ಕಮ್ಮಿ ಬಿಸಿಗಿಟ್ಟು, ಸ್ಟೀಮ್ ಇಲ್ಲದೆ, ನಡುವೆ ಹತ್ತಿ ಟವೆಲ್ ಹಾಸಿ, ನಿಧಾನಕ್ಕೆ ಸರಿಸಿದೆವು. ಉಂಚಳ್ಳಿಯಲ್ಲಿ ಕೈಕೊಟ್ಟ ಅದೇ ಜಾಕೆಟ್, ನಾಲ್ಕು ಸಲ ಜಾಲಿಸಿ ಇಸ್ತ್ರಿ ಮಾಡಿದ ಮೇಲೆ ನಲ್ಲಿ ಕೆಳಗೆ ಹಿಡಿದರೆ ತೋಳಿನ ಮೇಲೆ ಕೆಸುವಿನೆಲೆಯ ಹಾಗೆ ಹನಿ ಉರುಳಿತು. ಕಾರಿಡಾರಿನಲ್ಲಿ ಶಿಳ್ಳೆ ಬಿದ್ದದ್ದು ಸುಳ್ಳಲ್ಲ. ಭುಜದ ಮೇಲೆ, ಬ್ಯಾಗಿನ ಪಟ್ಟಿ ಉಜ್ಜಿದ ಜಾಗದಲ್ಲಿ ಮಾತ್ರ ಇನ್ನೂ ನೆನೆಯುತ್ತೆ, ಅಲ್ಲಿ ಲೇಪ ಸವೆದೇ ಹೋಗಿದೆ. ಅದಕ್ಕೆ ಸ್ಪ್ರೇ ರೂಪದ ಹೊಸ ಲೇಪ ಹಾಕಬೇಕು. ಹಳೆಯ ಲೇಪಗಳಲ್ಲಿ ಉದ್ದ ಸರಪಳಿಯ ಫ್ಲೋರಿನ್ ರಾಸಾಯನಿಕ ಇರುತ್ತಿತ್ತು, ನೀರನ್ನೂ ಎಣ್ಣೆಯನ್ನೂ ತಡೀತಿತ್ತು. ಆದರೆ ಅವು ಪ್ರಕೃತಿಯಲ್ಲಿ ಕೊಳೆಯಲ್ಲ. ಆ ಗುಂಪಿನ ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಈಗಿನ ಫ್ಲೋರಿನ್ ಇಲ್ಲದ ಲೇಪಗಳು ನೀರು ತಡೀತವೆ, ಎಣ್ಣೆ ಅಷ್ಟಾಗಿ ತಡೆಯಲ್ಲ. ಹೊಸ ಜಾಕೆಟ್ಟನ್ನ ಹಳೆಯದಕ್ಕಿಂತ ಹೆಚ್ಚು ಸಲ ತೊಳೆಯಬೇಕಾಗಿರೋದು ಅದಕ್ಕೇ.

ಊರಿನವರು ಮಳೆಗಾಲದಲ್ಲಿ ಬಟ್ಟೆಯನ್ನ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿ ಒಣಗಿಸ್ತಾರೆ. ಜಾಕೆಟ್ಟಿಗೆ ಅದು ಬೇಡ. ಒಂದು ಕಿಡಿ ಸಾಕು, ನೈಲಾನ್ ಕರಗಿ ತೂತು.

ಎಣ್ಣೆಯ ಮಾತು ಬಂದಿತಲ್ಲ, ಸಿದ್ದಾಪುರದಲ್ಲಿ ಕಾಡಿನ ಬಟ್ಟೆ ತೊಳೆಯೋದು ಬರೀ ಜಾಕೆಟ್ ಉಳಿಸೋ ವಿಷಯ ಅಲ್ಲ. ಕನ್ನಡದಲ್ಲಿ ಉಣ್ಣೆ ಅಂದರೆ ಕುರಿಯ ಕೂದಲೂ ಹೌದು, ರಕ್ತ ಹೀರೋ ಹುಳವೂ ಹೌದು. ಎರಡನೆಯದಕ್ಕೆ ಉಣುಗು ಅಂತಲೂ ಹೆಸರಿದೆ. ಮಂಗನ ಕಾಯಿಲೆ ಹರಡೋದು ಇದರಿಂದ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಮೊದಲು ಪತ್ತೆಯಾದ ವೈರಸ್ ಇದು. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯ್ತಾರೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಹಲವರಿಗೆ ಬಂತು, ಸಾವೂ ಆಯಿತು. ಇದರ ಕಾಲ ಮಳೆಗಾಲ ಅಲ್ಲ, ಡಿಸೆಂಬರಿನಿಂದ ಮೇ ವರೆಗೆ. ಅಂದರೆ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸೋ ಕಾಲ, ನಮ್ಮಂಥವರು ಸೆಮಿಸ್ಟರ್ ರಜೆ ಅಂತ ಚಾರಣಕ್ಕೆ ಹೋಗೋ ಕಾಲ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಬಟ್ಟೆ ಮೇಲೆ ಕೂತರೆ ಕಾಣಲ್ಲ.

ಕಾಡಿಗೆ ಹೋಗುವಾಗ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆ ಡಿಎಂಪಿ ಎಣ್ಣೆ, ಈಚೆಗೆ ಡೆಪಾ ಎಣ್ಣೆ ಹಂಚುತ್ತೆ. ವಾಪಸ್ ಬಂದ ಮೇಲೆ ಬಟ್ಟೆಯನ್ನ ಬಿಸಿನೀರು, ಸೋಪಿನಲ್ಲಿ ತೊಳೆದು ಸ್ನಾನ ಮಾಡಿ ಅಂತಲೂ ಹೇಳುತ್ತೆ. ಇಲ್ಲಿ ನಾವು ತಲೆ ಕೆರೆದುಕೊಂಡೆವು. ಜಾಕೆಟ್ಟಿನ ಚೀಟಿ ಹೇಳೋದಕ್ಕೂ ಇದಕ್ಕೂ ಪೂರ್ತಿ ವಿರೋಧ. ಡಿಎಂಪಿ ಅಂದರೆ ಡೈಮೀಥೈಲ್ ಥ್ಯಾಲೇಟ್, ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡೋಕೆ ಬಳಸೋ ಪದಾರ್ಥ. ಅದು ಪಾಲಿಯುರೆಥೇನ್ ಲೇಪದ ಮೇಲೆ ಬೀಳೋದು ಒಳ್ಳೇದಲ್ಲ. ಕುದಿಯೋ ನೀರೂ ಅಷ್ಟೇ. ಹಾಗಂತ ತಣ್ಣೀರಿನಲ್ಲಿ ತೊಳೆದರೆ ಉಣುಗು ಸಾಯಲ್ಲ. ಅಮೆರಿಕದ ಸಿಡಿಸಿ ತನ್ನ ದೇಶದ ಉಣ್ಣೆಗಳ ವಿಷಯದಲ್ಲಿ ಇದನ್ನ ಸ್ಪಷ್ಟವಾಗಿ ಹೇಳುತ್ತೆ. ಒಣ ಬಟ್ಟೆಯನ್ನ ಡ್ರೈಯರಿನ ಜೋರು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಸಾಯ್ತವೆ, ತೊಳೆಯಲೇಬೇಕಾದರೆ ನೀರು ಬಿಸಿ ಇರಬೇಕು. ಉಣುಗಿನ ಜೀವ ಇರೋದು ತೇವದಲ್ಲಿ.

ಚರ್ಚೆ ಮಾಡಿ ನಾವು ಮುಟ್ಟಿದ ತೀರ್ಮಾನ ಸರಳ. ಬೇಸಿಗೆಯ ಕಾಡಿಗೆ ಜಾಕೆಟ್ ಒಯ್ಯಲ್ಲ. ಮಳೆಯೇ ಇಲ್ಲದಾಗ ಅದ್ಯಾಕೆ? ತಿಳಿ ಬಣ್ಣದ, ತುಂಬುತೋಳಿನ ಹತ್ತಿ ಅಂಗಿ, ಹತ್ತಿ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ತಿಳಿ ಬಣ್ಣದ ಮೇಲೆ ಹುಳ ಬೇಗ ಕಾಣುತ್ತೆ. ಎಣ್ಣೆಯನ್ನ ಇಲಾಖೆಯವರು ಹೇಳಿದ ಹಾಗೆ ಕೈಕಾಲಿಗೆ ಹಚ್ಚಿ. ಮನೆಗೆ ಬಂದ ತಕ್ಷಣ, ಮಂಚದ ಮೇಲೆ ಬಿಸಾಡದೆ, ನೇರ ಬಚ್ಚಲಿಗೆ. ಅಲ್ಲಿ ಹಂಡೆಯ ನೀರು ಕೊತಕೊತ ಇರುತ್ತಲ್ಲ, ಅದನ್ನೇ ಸುರಿದು ಸೋಪು ಹಾಕಿ ಬಡೀರಿ. ಹತ್ತಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಆಮೇಲೆ ಕಂಕುಳು, ಮೊಣಕಾಲಿನ ಹಿಂದೆ, ಕಿವಿ ಹಿಂದೆ ನೋಡಿಕೊಳ್ಳಿ. ಹೋಗಿ ಬಂದ ಒಂದು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನ ಡಾಕ್ಟರಿಗೆ ತಪ್ಪದೆ ಹೇಳಿ. ಮಳೆಗಾಲದ ಉಂಬಳ ಕಚ್ಚಿದರೆ ತುರಿಕೆ, ಒಂದಿಷ್ಟು ರಕ್ತ, ಅಷ್ಟೇ. ಉಂಬಳಕ್ಕೆ ಕಿರುಚಾಡೋ ನಾವು ಉಣುಗಿಗೆ ಹೆದರದೇ ಇರೋದು ಉಲ್ಟಾ ಲೆಕ್ಕ.

ಇನ್ನು ಎತ್ತಿಡೋ ವಿಷಯ. ಮಳೆ ಮುಗಿದ ಮೇಲೆ ಜಾಕೆಟ್ಟನ್ನ ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಟ್ರಂಕಿನ ತಳಕ್ಕೆ ಹಾಕೋದು ನಮ್ಮೆಲ್ಲರ ಪದ್ಧತಿ. ಪಾಲಿಯುರೆಥೇನ್ ಲೇಪಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಬೆಚ್ಚಗಿನ ತೇವದಲ್ಲಿ ನೀರಿನ ಅಣುಗಳು ಪಾಲಿಮರ್ ಸರಪಳಿಯನ್ನೇ ಕತ್ತರಿಸ್ತವೆ, ಕೆಮಿಸ್ಟ್ರಿಯವರ ಮಾತಲ್ಲಿ ಹೈಡ್ರಾಲಿಸಿಸ್. ಎರಡು ವರ್ಷ ಬಿಟ್ಟು ತೆಗೆದರೆ ಒಳಗೆಲ್ಲ ಅಂಟಂಟು, ಹುಳಿ ವಾಸನೆ, ಹಪ್ಪಳದ ಹಾಗೆ ಸಿಪ್ಪೆ ಏಳುತ್ತೆ. ಆ ಹಂತಕ್ಕೆ ಬಂದದ್ದನ್ನ ಯಾವ ಸ್ಪ್ರೇಯೂ ಉಳಿಸಲ್ಲ. ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಹ್ಯಾಂಗರಿಗೆ ಹಾಕಿ ಗಾಳಿಯಾಡೋ ಜಾಗದಲ್ಲಿ ಬಿಡಿ. ನಮ್ಮದು ಈಗ ರೂಮಿನ ಬಾಗಿಲ ಹಿಂದೆ ನೇತಾಡ್ತಾ ಇದೆ. ಭುಜಕ್ಕೆ ಸ್ಪ್ರೇ ತರಿಸೋಕೆ ನಾಲ್ವರೂ ದುಡ್ಡು ಹಾಕಿದ್ದೀವಿ. ಅಜ್ಜ ಮಾತ್ರ ಫೋನಿನಲ್ಲಿ, ಬರೋ ಆಷಾಢಕ್ಕೆ ಬಂದರೆ ಒಂದು ಕಂಬಳಿ ಕೊಡ್ತೀನಿ, ಆ ಕೋಟನ್ನ ಅಲ್ಲೇ ಬಿಟ್ಟು ಬನ್ನಿ ಅಂದಿದ್ದಾರೆ.